ಥೇಮ್ಸ್ ದಂಡೆಯ ಹಳೆಯ ವಿದ್ಯುತ್ ಸ್ಥಾವರ

ಲಂಡನ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲರೂ ಕ್ಷೇಮ. ನಿಮ್ಮ ಹಾಗೂ ಅಮ್ಮನ ಆರೋಗ್ಯದ ಬಗ್ಗೆ ಬರೆಯಿರಿ. ವಿದ್ಯುತ್ ಇಲಾಖೆಯಲ್ಲೇ ಆಯುಷ್ಯ ಸವೆಸಿದ ನಿಮಗೆ ಇಲ್ಲಿಯ ಬ್ಯಾಟರ್‌ಸೀ ಸ್ಥಾವರದ ವಿಚಾರ ರುಚಿಸೀತೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಹೊರಗಿನಿಂದ ಒಂದೇ ಕಟ್ಟಡದಂತೆ ಕಂಡರೂ ಅದು ಪಕ್ಕಪಕ್ಕದಲ್ಲಿ ಕಟ್ಟಿದ ಎರಡು ಸ್ಥಾವರಗಳ ಜೋಡಿ. 1929ರಲ್ಲಿ ಕಟ್ಟಲಾರಂಭಿಸಿದ 'ಎ' ಸ್ಥಾವರ 1933ರಲ್ಲಿ ವಿದ್ಯುತ್ ಕೊಡತೊಡಗಿತು. ಯುದ್ಧದಿಂದಾಗಿ ತಡವಾದ 'ಬಿ' ಸ್ಥಾವರ ಪೂರ್ಣಗೊಂಡು ನಾಲ್ಕನೆಯ ಚಿಮ್ನಿ ಎದ್ದು ನಿಂತದ್ದು 1955ರಲ್ಲಿ. ನಗರದ ನಡುವೆ ಕಲ್ಲಿದ್ದಲು ಸುಡುವುದಕ್ಕೆ ತೀವ್ರ ವಿರೋಧ ಬಂದುದರಿಂದ, ಹೊರರೂಪವನ್ನು ತಿದ್ದಲು ವಾಸ್ತುಶಿಲ್ಪಿ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರನ್ನು ಕರೆಸಿದರು. ಹೊಗೆಯಲ್ಲಿನ ಗಂಧಕವನ್ನು ನೀರಿನಿಂದ ತೊಳೆಯುವ ವ್ಯವಸ್ಥೆಯನ್ನೂ ಅಳವಡಿಸಿದರು. ತೊಳೆದ ನೀರು ಮತ್ತೆ ನದಿಯನ್ನೇ ಸೇರುತ್ತಿತ್ತೆಂಬುದು ಬೇರೆ ಮಾತು.

ನಾನು ತುಂಬಾ ಮೆಚ್ಚಿದ್ದು ಇನ್ನೊಂದು ಸಂಗತಿಯನ್ನು. ವ್ಯರ್ಥವಾಗಿ ಹೋಗಬಹುದಾಗಿದ್ದ ಶಾಖವನ್ನು ಬಿಸಿನೀರಾಗಿಸಿ, ನದಿಯಡಿಯ ಸುರಂಗದಲ್ಲಿ ಹಾಕಿದ ಕೊಳವೆಗಳ ಮೂಲಕ ಎದುರು ದಡದ ಪಿಮ್ಲಿಕೊಗೆ ಸಾಗಿಸಿ, ಚರ್ಚಿಲ್ ಗಾರ್ಡನ್ಸ್ ಎಂಬ ಸರ್ಕಾರಿ ವಸತಿ ಸಮುಚ್ಚಯದ ಮನೆಗಳನ್ನು ಬೆಚ್ಚಗಿಡುತ್ತಿದ್ದರು. ಬಿಸಿನೀರನ್ನು ಕೂಡಿಡಲು ಅಲ್ಲಿ ಕಟ್ಟಿದ ಗಾಜುಗೋಡೆಯ ಗೋಪುರ ಈಗಲೂ ಇದೆ. ಸ್ಥಾವರ ನಿಂತ ಮೇಲೂ ಬೇರೆ ಬಾಯ್ಲರುಗಳಿಂದ ಆ ಜಾಲ ನಡೆದುಕೊಂಡು ಬಂದಿದೆ.

1975ರಲ್ಲಿ 'ಎ', 1983ರಲ್ಲಿ 'ಬಿ' ಮುಚ್ಚಿದವು. 1980ರಲ್ಲೇ ಸಂರಕ್ಷಿತ ಕಟ್ಟಡವೆಂದು ಘೋಷಿಸಿದ್ದರಿಂದ ಸುಲಭಕ್ಕೆ ಕೆಡವುವಂತಿರಲಿಲ್ಲ. ಒಳಗೆ ಮನರಂಜನಾ ಉದ್ಯಾನ ಮಾಡಹೊರಟವರು ಯಂತ್ರಗಳನ್ನು ಹೊರತೆಗೆಯಲು ಚಾವಣಿಯನ್ನು ಬಿಚ್ಚಿ, 1989ರಲ್ಲಿ ಹಣ ಸಾಲದೆ ಕೈಚೆಲ್ಲಿದರು. ಆಮೇಲೆ ಒಡೆಯರು ಬದಲಾದರೇ ಹೊರತು ಕಟ್ಟಡ ಮಳೆಯಲ್ಲಿ ನೆನೆಯುವುದು ತಪ್ಪಲಿಲ್ಲ. ಕೊನೆಗೆ 2012ರಲ್ಲಿ ಮಲೇಷ್ಯಾದ ಹೂಡಿಕೆದಾರರ ಕೂಟ 40 ಕೋಟಿ ಪೌಂಡಿಗೆ ಕೊಂಡು, ಶಿಥಿಲವಾಗಿದ್ದ ನಾಲ್ಕೂ ಚಿಮ್ನಿಗಳನ್ನು ಇಳಿಸಿ, ಮೊದಲಿನ ರೂಪದಲ್ಲೇ ಮತ್ತೆ ಎಬ್ಬಿಸಿತು. 2021ರಲ್ಲಿ ಮೆಟ್ರೊ ಬಂತು. 2022ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. ಈಗ ಒಳಗೆ ಮಳಿಗೆಗಳು, ಫ್ಲಾಟುಗಳು, ಆ್ಯಪಲ್ ಕಂಪನಿಯ ಕಚೇರಿ ಇವೆ; ಒಂದು ಚಿಮ್ನಿಯೊಳಗಿಂದ ಗಾಜಿನ ಲಿಫ್ಟು 109 ಮೀಟರ್ ಎತ್ತರಕ್ಕೆ ಏರುತ್ತದೆ.

ಕೆಲಸವೇನೋ ಅಚ್ಚುಕಟ್ಟು. ಆದರೆ ಇಡೀ ಯೋಜನೆಯಲ್ಲಿ ಕಡಿಮೆ ಆದಾಯದವರ ಕೈಗೆಟುಕುವಂಥ ಮನೆಗಳ ಸಂಖ್ಯೆಯನ್ನು 2017ರಲ್ಲಿ 636ರಿಂದ 386ಕ್ಕೆ ಇಳಿಸಲು ಸ್ಥಳೀಯ ಆಡಳಿತ ಒಪ್ಪಿತು. ಉಳಿಕೆ ಶಾಖವನ್ನೂ ಸಾಮಾನ್ಯರ ಮನೆಗೆ ಮುಟ್ಟಿಸಿದ್ದ ಜಾಗದಲ್ಲಿ ಹೀಗಾದದ್ದು ನನಗೆ ಸರಿಯೆನಿಸಲಿಲ್ಲ.

ನೀವು ಬಂದಾಗ 'ಬಿ' ಸ್ಥಾವರದ ನಿಯಂತ್ರಣ ಕೊಠಡಿಗೆ ಕರೆದೊಯ್ಯುತ್ತೇನೆ. ಅದೀಗ ಬಾರ್ ಆಗಿದೆಯೆಂದು ಅಮ್ಮನಿಗೆ ಹೇಳಬೇಡಿ. ಹಳೆಯ ಫಲಕಗಳು, ಮೀಟರುಗಳು ಮಾತ್ರ ಹಾಗೆಯೇ ಇವೆ.

ಇತಿ,
ನಿಮ್ಮ ಮಗಳು