ನಮ್ಮ ಉಪಗ್ರಹದ ಹಿಂದಿರುವವರಿಗೆ ಒಂದು ಥ್ಯಾಂಕ್ಸ್

ನಮ್ಮ ಪುಟ್ಟ ಉಪಗ್ರಹ ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಆರಾಮಾಗಿ ಸುತ್ತುತ್ತಿದೆ. ಬ್ಯಾಟರಿ ಚಾರ್ಜ್ ಆಗುತ್ತಿದೆ, ಮೊನ್ನೆ ಮೊದಲ ಚಿತ್ರವೂ ಬಂತು. ಅಭಿನಂದನೆ ಹೇಳಿ ಬಂದ ಮೆಸೇಜ್‌ಗಳಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಕೊಡೋಕೆ ಆಗಿಲ್ಲ, ಬೇಜಾರು ಮಾಡ್ಕೋಬೇಡಿ. ಆದರೆ ಆ ಅಭಿನಂದನೆಯಲ್ಲಿ ಜಾಸ್ತಿ ಪಾಲು ಬೇರೆಯವರದು.

ಸಿಸ್ಟಮ್ಸ್ ಎಂಜಿನಿಯರ್ ಏನು ಮಾಡ್ತಾರೆ ಅಂತ ಸುಮಾರು ಜನ ಕೇಳುತ್ತಾರೆ. ನಾನು ಕೈಯಾರೆ ಏನನ್ನೂ ಕಟ್ಟುವುದಿಲ್ಲ. ಎಲ್ಲರ ಹತ್ತಿರ ಹೋಗಿ ಪ್ರಶ್ನೆ ಕೇಳುವುದೇ ಕೆಲಸ. ನಿಮ್ಮ ಬೋರ್ಡ್ ಎಷ್ಟು ವ್ಯಾಟ್ ತಿನ್ನುತ್ತೆ, ಆ ಅಂಟಿನ ತೂಕ ಲೆಕ್ಕಕ್ಕೆ ತಗೊಂಡ್ರಾ, ಆಂಟೆನಾ ಬಿಚ್ಚಿಕೊಳ್ಳುವಾಗ ಪ್ಯಾನೆಲ್‌ಗೆ ತಾಗಲ್ವಾ, ತಾಗಲ್ಲ ಅಂತ ಹೇಗೆ ಗೊತ್ತು. ವರ್ಷಗಟ್ಟಲೆ ಹೀಗೆ ತಲೆ ತಿಂದರೂ ಬೈಯದೆ ಉತ್ತರ ಕೊಟ್ಟವರಿಗೆ ಥ್ಯಾಂಕ್ಸ್. ಬೈದು ಉತ್ತರ ಕೊಟ್ಟವರಿಗೂ.

ವೈರಿಂಗ್ ಮಾಡಿದ ಅಕ್ಕನ ವಿಷಯ ಹೇಳಲೇಬೇಕು. ರಾಕೆಟ್ಟಿನ ಅದುರಾಟ ತಡೆಯುತ್ತಾ ಅಂತ ಉಪಗ್ರಹವನ್ನು ಅಲುಗಾಡಿಸಿ ನೋಡುವ ವೈಬ್ರೇಶನ್ ಟೆಸ್ಟ್ ಮುಗಿದಿತ್ತು. ಅಲುಗಾಡಿಸುವ ಮುಂಚಿನ ಗ್ರಾಫು, ಆಮೇಲಿನ ಗ್ರಾಫು ಎರಡೂ ಒಂದರ ಮೇಲೊಂದು ಸರಿಯಾಗಿ ಕೂತಿದ್ದವು, ಅಂದರೆ ಒಳಗೆ ಏನೂ ಸಡಿಲ ಆಗಿಲ್ಲ ಅಂತ ಲೆಕ್ಕ, ನಾವೆಲ್ಲ ಊಟಕ್ಕೆ ಹೊರಟಿದ್ದೆವು. ಅಕ್ಕ ಮಾತ್ರ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಾ, "ಸರ್, ಈ ವೈರು ಯಾಕೋ ಸವೆದಂಗಿದೆ ನೋಡಿ" ಅಂದರು. ಬ್ಯಾಟರಿಯಿಂದ ಬರುವ ವೈರು. ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಪದರ ತೆಳ್ಳಗಾಗಿತ್ತು. ಮೇಲೆ ಹೋದಮೇಲೆ ಶಾರ್ಟ್ ಆಗಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಯಾವ ಗ್ರಾಫಲ್ಲೂ ಇದು ಕಾಣಲ್ಲ.

ಅಂಗಡಿ ಬಾಗಿಲು ಹಾಕೋ ಹೊತ್ತಲ್ಲಿ ಓಡಿ ಹೋದರೂ, ಅಂಚು ದುಂಡಗಿರುವ ಹೊಸ ಬ್ರಾಕೆಟ್ ಅವತ್ತೇ ರಾತ್ರಿ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮೆಷಿನ್ನು) ಮಾಡಿಕೊಟ್ಟ ಪೀಣ್ಯದ ಅಣ್ಣನಿಗೆ ದೊಡ್ಡ ನಮಸ್ಕಾರ. ಯಾತಕ್ಕೆ ಅಂತ ಗೊತ್ತಾದಮೇಲೆ ದುಡ್ಡೇ ಬೇಡ ಅಂದರು (ಕೊಟ್ಟೆವು, ಬಿಡಿ). 1975ರಲ್ಲಿ ಹಾರಿದ ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟವನ್ನೂ ಯು.ಆರ್. ರಾವ್ ಅವರ ತಂಡ ಇದೇ ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದ್ದು ಅಂತ ಹೇಳಿದೆ. ಅಣ್ಣ ಕೆಲಸದ ಹುಡುಗರನ್ನೆಲ್ಲ ಕರೆದು ಅದನ್ನೇ ಇನ್ನೊಂದು ಸಲ ಹೇಳಿಸಿದರು.

ಗಾಳಿ ತೆಗೆದು, ಬಿಸಿ ಮಾಡಿ ತಣ್ಣಗೆ ಮಾಡಿ ಉಪಗ್ರಹವನ್ನು ಪರೀಕ್ಷಿಸುವ ಥರ್ಮೋವ್ಯಾಕ್ ಚೇಂಬರಿನ ರಾತ್ರಿ ಪಾಳಿಯವರಿಗೆ, ಅವರ ಫ್ಲಾಸ್ಕಿನ ಕಾಫಿಗೆ ಥ್ಯಾಂಕ್ಸ್.

ಕೊನೆಗೆ, ಹೆಸರೂ ಗೊತ್ತಿಲ್ಲದ ಒಬ್ಬರು. ಉಪಗ್ರಹ ರಾಕೆಟ್ಟಿನಿಂದ ಬೇರೆಯಾದಮೇಲೆ ನೆಲದಲ್ಲಿರುವ ನಮ್ಮ ಆಂಟೆನಾದ ಮೇಲೆ ಮೊದಲ ಸಲ ಹಾದುಹೋದಾಗ ಏನೂ ಕೇಳಿಸಲಿಲ್ಲ. ಭೂಮಿಯನ್ನು ಒಂದು ಸುತ್ತು ಹಾಕೋಕೆ ಒಂದೂವರೆ ಗಂಟೆ ಸಾಕು, ಆದರೆ ಭೂಮಿಯೂ ತಿರುಗುತ್ತಲ್ವಾ, ಹಾಗಾಗಿ ಪ್ರತಿ ಸುತ್ತಿಗೂ ನಮ್ಮ ತಲೆ ಮೇಲೇ ಬರಲ್ಲ. ಸುಮ್ನೆ ಕೂತು ಕಾಯಬೇಕು. ಯಾರೂ ಮಾತಾಡುತ್ತಿರಲಿಲ್ಲ. ಅಷ್ಟರಲ್ಲಿ ಯುರೋಪಿನ ಯಾರೋ ಹ್ಯಾಮ್ ರೇಡಿಯೋದವರು (ಹವ್ಯಾಸಕ್ಕೆ ರೇಡಿಯೋ ನಡೆಸುವವರು), ತಮ್ಮ ಮನೆಯ ಆಂಟೆನಾದಲ್ಲಿ ಹಿಡಿದ ಬೀಕನ್, ಅಂದರೆ ಉಪಗ್ರಹ ತಾನಾಗೇ ಆಗಾಗ ಕಳಿಸುವ ಸಿಗ್ನಲ್ಲಿನ ರೆಕಾರ್ಡಿಂಗ್ ಕಳಿಸಿದರು. ಬಿಚ್ಚಿ ನೋಡಿದರೆ ನಮ್ಮದೇ, ಬ್ಯಾಟರಿ ವೋಲ್ಟೇಜ್ ಸಮೇತ!

ಶನಿವಾರ ಮಧ್ಯಾಹ್ನ ಆಫೀಸಲ್ಲಿ ಊಟ ಇದೆ. ಎಲ್ಲರೂ ಮನೆಯವರನ್ನೂ ಕರ್ಕೊಂಡು ಬನ್ನಿ. ಇಲ್ಲಿ ಬಿಟ್ಟುಹೋದವರು ಬಂದು ಜಗಳ ಆಡಿ.