ಐರಿಷ್ ನಾಟಕದ ಗಂಡಸರು ಬರೀ ಕುಡುಕರಲ್ಲ

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಐರಿಷ್ ರಂಗಭೂಮಿ ಬಗ್ಗೆ ಬಂದ ಲೇಖನ ಓದಿದೆ. ಅಲ್ಲಿನ ಇವತ್ತಿನ ನಾಟಕಗಳಲ್ಲಿ ಕುಡಿದು ಬಡಿದಾಡುವ ಗಂಡಸರೇ ಜಾಸ್ತಿ, ಅವರನ್ನು ಮೆರೆಸಿ ಚಪ್ಪಾಳೆ ಗಿಟ್ಟಿಸುತ್ತಾರೆ ಎಂದು ಲೇಖಕರು ಬರೆದಿದ್ದಾರೆ. ಕುಡಿತ, ಹೊಡೆದಾಟ ಇರುವುದು ನಿಜ. ಆದರೆ ಮೆರೆಸುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಗಂಡಸರು ಯಾರ ಮುಂದೆ ಬಾಯಿ ಬಿಡುತ್ತಾರೆ, ಯಾರ ಮುಂದೆ ಬಿಡುವುದಿಲ್ಲ ಅನ್ನುವುದನ್ನು ಗಮನಿಸಬೇಕು.

ನಾಟಕಕಾರ ಮಾರ್ಕ್ ಒ'ರೋ ಅವರ ‘ಹೋವಿ ದಿ ರೂಕಿ’ (1999) ನೋಡಿ. ಡಬ್ಲಿನ್ನಿನ ಇಬ್ಬರು ಹುಡುಗರು. ಹಾಸಿಗೆಯಿಂದ ಕಜ್ಜಿ ಹತ್ತಿತು ಅನ್ನುವಷ್ಟಕ್ಕೇ ಜಗಳ ಶುರುವಾಗುತ್ತದೆ. ಹೊಡೆದಾಟವನ್ನು ನಾವು ಕಾಣುವುದಿಲ್ಲ, ಬರೀ ಕೇಳುತ್ತೇವೆ. ಮೊದಲರ್ಧ ಒಬ್ಬ ಬಂದು ನಮಗೆ ಹೇಳುತ್ತಾನೆ, ಆಮೇಲೆ ಇನ್ನೊಬ್ಬ. ಇಬ್ಬರೂ ರಂಗದ ಮೇಲೆ ಎದುರುಬದುರು ಆಗುವುದೇ ಇಲ್ಲ. ಕಾನರ್ ಮ್ಯಾಕ್‌ಫರ್ಸನ್ ಅವರ ‘ಪೋರ್ಟ್ ಅಥಾರಿಟಿ’ಯಲ್ಲೂ (2001) ಮೂವರು ಗಂಡಸರು ಸರದಿಯಂತೆ ನಮ್ಮ ಜೊತೆ ಮಾತಾಡುತ್ತಾರೆ, ಪಕ್ಕದವನ ಜೊತೆ ಒಂದು ಮಾತೂ ಇಲ್ಲ. ಕತ್ತಲಲ್ಲಿ ಕೂತ ಅಪರಿಚಿತರಿಗೆ ಹೇಳುವುದನ್ನು ಗೆಳೆಯನಿಗೆ ಹೇಳಲಾರರು. ಗಂಡಸುತನದ ಬಗ್ಗೆ ಇದಕ್ಕಿಂತ ಕಟುವಾದ ಟೀಕೆ ಬೇಕಾ?

ಅದೇ ಮ್ಯಾಕ್‌ಫರ್ಸನ್ ಅವರ ‘ದಿ ವಿಯರ್’ (1997) ನನಗೆ ತುಂಬ ಇಷ್ಟ. ಹಳ್ಳಿಯ ಒಂದು ಪಬ್. ಊರಿಗೆ ಹೊಸದಾಗಿ ಬಂದ ವ್ಯಾಲೆರಿ ಮುಂದೆ ಗಂಡಸರು ಒಬ್ಬರಾದ ಮೇಲೊಬ್ಬರು ದೆವ್ವದ ಕಥೆ ಬಿಡುತ್ತಾರೆ. ಆಮೇಲೆ ಅವಳು ತನ್ನ ಕಥೆ ಹೇಳುತ್ತಾಳೆ. ಅವಳ ಪುಟ್ಟ ಮಗಳು ನೀರಲ್ಲಿ ಮುಳುಗಿ ಸತ್ತಿದ್ದಾಳೆ. ಈ ಗಂಡಸರಿಗೆ ಏನು ಹೇಳಬೇಕೋ ತೋಚುವುದಿಲ್ಲ. ಇಬ್ಬರು ಮನೆಗೆ ಹೋದ ಮೇಲೆ ಜ್ಯಾಕ್ ತನ್ನ ಕಥೆ ಬಿಚ್ಚುತ್ತಾನೆ. ಮದುವೆಯಾಗದೆ ಉಳಿದವನು, ಗ್ಯಾರೇಜ್ ಇಟ್ಟುಕೊಂಡವನು. ತಾನೇ ಕೈಬಿಟ್ಟ ಹುಡುಗಿಯ ಮದುವೆಗೆ ಡಬ್ಲಿನ್ನಿಗೆ ಹೋಗಿ, ತಡೆಯಲಾಗದೆ ಎದ್ದುಬಂದು ಯಾವುದೋ ಬಾರಿಗೆ ಹೊಕ್ಕಿದ್ದ. ಇವನ ಮುಖ ನೋಡಿದ ಬಾರಿನವನು ಸುಮ್ನೆ ಒಂದು ಸ್ಯಾಂಡ್‌ವಿಚ್ ಮಾಡಿಕೊಟ್ಟ. ಅಷ್ಟೇ. ವರ್ಷಗಳಾದರೂ ಜ್ಯಾಕ್‌ಗೆ ಅದು ಮರೆತಿಲ್ಲ. ದೆವ್ವದ ಕಥೆ ಸಲೀಸಾಗಿ ಹೇಳಿದವನಿಗೆ ಈ ಮಾತು ಆಡಲು ರಾತ್ರಿಯೆಲ್ಲ ಬೇಕಾಯಿತು. ಇದನ್ನು ಕುಡುಕರ ನಾಟಕ ಅಂದುಬಿಟ್ಟರೆ ಅನ್ಯಾಯ ಅಲ್ವಾ?

ಮಾರ್ಟಿನ್ ಮ್ಯಾಕ್‌ಡೊನಾ ವಿಷಯದಲ್ಲಿ ಮಾತ್ರ ಲೇಖಕರ ತಕರಾರಿನಲ್ಲಿ ಹುರುಳಿದೆ. ‘ದಿ ಲೋನ್‌ಸಮ್ ವೆಸ್ಟ್’ನಲ್ಲಿ (1997) ಕೋಲ್ಮನ್ ತನ್ನ ತಲೆಗೂದಲನ್ನು ಹೀಯಾಳಿಸಿದ ಅಪ್ಪನನ್ನೇ ಗುಂಡಿಟ್ಟು ಕೊಂದಿದ್ದಾನೆ. ತಮ್ಮ ವ್ಯಾಲಿನ್ ಬಾಯಿ ಮುಚ್ಚಿಕೊಂಡಿದ್ದಕ್ಕೆ ಆಸ್ತಿ ಪೂರ್ತಿ ಹೊಡೆದುಕೊಂಡಿದ್ದಾನೆ, ಮನೆಯ ಸಾಮಾನಿನ ಮೇಲೆಲ್ಲ ತನ್ನ ಹೆಸರಿನ ಮೊದಲ ಅಕ್ಷರ ಗೀಚಿದ್ದಾನೆ. ಕ್ಷಮೆ ಕೇಳಿಕೊಳ್ಳಿ ಎಂದು ಪಾದ್ರಿ ಪತ್ರ ಬರೆದಿಟ್ಟು ಸತ್ತರೆ, ಇವರು ಕ್ಷಮೆಯನ್ನೇ ಪಂದ್ಯ ಮಾಡಿಕೊಳ್ಳುತ್ತಾರೆ. ನಗು ಬರುತ್ತದೆ, ನಿಜ. ಆ ನಗುವಿನಲ್ಲಿ ಪಾದ್ರಿಯ ಸಾವು ಮರೆತೇಹೋಗುವ ಅಪಾಯವೂ ಇದೆ.

ನನ್ನ ದೊಡ್ಡ ತಕರಾರು ಬೇರೆ. ಗಂಡಸರ ಇಷ್ಟೊಂದು ಸ್ವಗತಗಳಲ್ಲಿ ಹೆಂಗಸರು ಇರುವುದು ಅವರ ಬಾಯಲ್ಲಿ ಮಾತ್ರ. ಇದು ನಾಟಕದೊಳಗಿನ ಮಾತಷ್ಟೇ ಅಲ್ಲ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಐರಿಷ್ ಜನ 1916ರಲ್ಲಿ ಎದ್ದ ದಂಗೆಯ ನೂರನೇ ವರ್ಷಕ್ಕೆ, ಐರ್ಲೆಂಡಿನ ರಾಷ್ಟ್ರೀಯ ರಂಗಮಂದಿರವಾದ ಡಬ್ಲಿನ್ನಿನ ಆ್ಯಬಿ ಥಿಯೇಟರ್ ಆಡಿಸುವುದಾಗಿ ಘೋಷಿಸಿದ 10 ನಾಟಕಗಳಲ್ಲಿ ಹೆಣ್ಣು ಬರೆದದ್ದು ಒಂದೇ ಒಂದು. 2015ರ ನವೆಂಬರಿನಲ್ಲಿ ರಂಗಕರ್ಮಿ ಹೆಂಗಸರು ಅದೇ ಥಿಯೇಟರಿನಲ್ಲಿ ಸೇರಿ ಪ್ರತಿಭಟಿಸಿದರು. ಲೇಖನದಲ್ಲಿ ಇದರ ಸುಳಿವೇ ಇಲ್ಲ. ನಾಟಕಕಾರ್ತಿ ಮರೀನಾ ಕಾರ್ ಹೆಸರೂ ಇಲ್ಲ. ಅವರ ‘ಬೈ ದಿ ಬಾಗ್ ಆಫ್ ಕ್ಯಾಟ್ಸ್’ನಲ್ಲಿ (1998) ಕಾರ್ತೇಜ್ ಎಂಬವನು ಜಮೀನಿನ ಆಸೆಗೆ ತನ್ನ ಮಗುವಿನ ತಾಯಿಯನ್ನು ಬಿಟ್ಟು ಜಮೀನ್ದಾರನ ಮಗಳನ್ನು ಕಟ್ಟಿಕೊಳ್ಳುತ್ತಾನೆ. ಬಿಟ್ಟುಹೋದವಳ ಕಣ್ಣಲ್ಲಿ ಆ ಗಂಡಸು ಹೇಗೆ ಕಾಣುತ್ತಾನೆ ಎನ್ನುವುದೇ ನಾಟಕ.

ಪುರವಣಿಯಲ್ಲಿ ಈ ವಿಷಯಕ್ಕೆ ಇನ್ನೊಂದು ಪುಟ ಕೊಡಿ. ಈ ಸಲ ಮರೀನಾ ಕಾರ್ ಅವರಿಂದ ಶುರು ಮಾಡಿ.

– ಒಬ್ಬ ರಂಗಾಸಕ್ತ, ಧಾರವಾಡ