ಹಸಿವಿನ ತಿಂಗಳು ಕಳೆದ ಮೇಲೆ ಬರುವ ಹಬ್ಬ

ಪ್ರಿಯ ಓದುಗರೇ,

ಆಗಸ್ಟ್ ತಿಂಗಳ ಮೊದಲ ಸೋಮವಾರ ಐರ್ಲೆಂಡಿನಲ್ಲಿ ಸಾರ್ವಜನಿಕ ರಜೆ. ವಾರಾಂತ್ಯವೂ ಸೇರಿ ಸಿಗುವ ಮೂರು ದಿನಗಳನ್ನು ಇಲ್ಲಿ ನೆಲೆಸಿರುವ ಕನ್ನಡಿಗರಾದ ನಮ್ಮಲ್ಲಿ ಬಹಳ ಮಂದಿ ಸಮುದ್ರತೀರದಲ್ಲೋ ಬಂಧುಗಳ ಮನೆಯಲ್ಲೋ ಕಳೆಯುತ್ತೇವೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಈ ನಾಡಿನ ಅತಿ ಹಳೆಯ ಸುಗ್ಗಿಯ ಹಬ್ಬವೊಂದು ಬಂದು ಹೋಗುತ್ತದೆ. ಅದರ ಹೆಸರು ಲೂನಸ. ಐರಿಷ್ ಭಾಷೆಯಲ್ಲಿ ಆಗಸ್ಟ್ ತಿಂಗಳಿಗೂ ಇದೇ ಹೆಸರು. ನಮ್ಮ ಮಕ್ಕಳು ಹುಟ್ಟಿ ಬೆಳೆಯುತ್ತಿರುವ ಮಣ್ಣಿನ ಹಬ್ಬವಾದ್ದರಿಂದ ಈ ಸಂಚಿಕೆಯ ಸಂಪಾದಕೀಯವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಕ್ರೈಸ್ತಧರ್ಮ ಬರುವುದಕ್ಕೆ ಇಲ್ಲಿದ್ದ ಗೇಲಿಕ್ ಜನ ವರ್ಷವನ್ನು ನಾಲ್ಕು ಹಬ್ಬಗಳಿಂದ ಅಳೆಯುತ್ತಿದ್ದರು: ನವೆಂಬರಿನ ಸಾವಿನ್, ಫೆಬ್ರವರಿಯ ಇಂಬೋಲ್ಕ್, ಮೇ ತಿಂಗಳ ಬ್ಯಾಲ್ಟಿನ, ಆಗಸ್ಟಿನ ಲೂನಸ. ಈ ಕೊನೆಯ ಹಬ್ಬ ಲೂ ಎಂಬ ದೇವನ ಹೆಸರಿನಲ್ಲಿದ್ದರೂ ಅವನು ಅದನ್ನು ಆರಂಭಿಸಿದ್ದು ತನ್ನ ಸಾಕುತಾಯಿ ಟೈಲ್ಟ್ಯುವಿನ ನೆನಪಿಗಾಗಿ ಎನ್ನುತ್ತದೆ ಪುರಾಣ. ಐರ್ಲೆಂಡಿನ ಕಾಡನ್ನು ಕಡಿದು, ಬಯಲು ಮಾಡಿ, ನೆಲವನ್ನು ಬೇಸಾಯಕ್ಕೆ ಹದಗೊಳಿಸಿದ ಆಕೆ ಆ ದುಡಿಮೆಯ ಆಯಾಸದಿಂದಲೇ ಪ್ರಾಣ ಬಿಟ್ಟಳು. ಆಕೆಯ ಗೌರವಕ್ಕೆಂದು ಇಂದಿನ ಮೀದ್ ಕೌಂಟಿಯ ಟೆಲ್‌ಟೌನಿನಲ್ಲಿ ಜಾತ್ರೆ ಸೇರುತ್ತಿತ್ತು, ಕುದುರೆ ಓಟ ಮತ್ತು ಪಂದ್ಯಗಳು ನಡೆಯುತ್ತಿದ್ದವು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1924ರಲ್ಲಿ, ಐರಿಷ್ ಜನರು ಆ ಹೆಸರಿನಲ್ಲೇ ಡಬ್ಲಿನ್ನಿನಲ್ಲಿ ಕ್ರೀಡಾಕೂಟವನ್ನು ಮತ್ತೆ ಆರಂಭಿಸಿ 1928 ಮತ್ತು 1932ರಲ್ಲಿ ಮುಂದುವರಿಸಿದರು. ನನ್ನ ಮನಸ್ಸಿನಲ್ಲಿ ಉಳಿಯುವುದು ಮಾತ್ರ ಕ್ರೀಡೆಗಳಲ್ಲ, ನೆಲ ಹಸನು ಮಾಡಿ ಸತ್ತ ಆ ಹೆಣ್ಣುಮಗಳು. ಉಣ್ಣುವ ಮೊದಲು ದುಡಿದವರನ್ನು ನೆನೆಯಬೇಕೆಂಬುದನ್ನು ಈ ಹಬ್ಬ ತನ್ನ ಬುಡದಲ್ಲೇ ಇಟ್ಟುಕೊಂಡಿದೆ.

ಸುಗ್ಗಿಯ ಹಬ್ಬವೆಂದರೆ ಸಮೃದ್ಧಿಯ ಹಬ್ಬ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಲೂನಸದ ನಿಜವಾದ ಅರ್ಥ ತಿಳಿಯಬೇಕಾದರೆ ಅದಕ್ಕೆ ಹಿಂದಿನ ತಿಂಗಳನ್ನು ನೋಡಬೇಕು. ಕಳೆದ ವರ್ಷದ ದಾಸ್ತಾನು ಮುಗಿದು ಹೊಸ ಬೆಳೆ ಇನ್ನೂ ಕೈಗೆ ಬಾರದ ಜುಲೈ ತಿಂಗಳನ್ನು ಇಲ್ಲಿನ ಹಳ್ಳಿಗರು ‘ಹಸಿದ ಜುಲೈ’ ಎಂದೂ ‘ಎಲೆಕೋಸಿನ ಜುಲೈ’ ಎಂದೂ ಕರೆಯುತ್ತಿದ್ದರು. ಬಡವರ ಮನೆಯಲ್ಲಿ ಬೇಯಿಸಲು ಉಳಿಯುತ್ತಿದ್ದದ್ದು ಅದೊಂದೇ. ಕರಾವಳಿಯಿಂದ ಬಂದ ನಮ್ಮ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಳುನಾಡಿನ ಆಟಿ ತಿಂಗಳು ಬರುವುದೂ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹೊರಗೆ ಜಡಿಮಳೆ, ಒಳಗೆ ಬರಿದಾಗುತ್ತಿರುವ ಅಕ್ಕಿಯ ಮುಡಿ, ಒಲೆಯ ಮೇಲೆ ತಜಂಕ್ ಸೊಪ್ಪು, ಕೆಸುವಿನ ಎಲೆ, ಕಣಿಲೆ, ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಬೀಜ. ಇಂದು ನಾವು ಕೆಸುವಿನ ಎಲೆಯ ಪತ್ರೊಡೆಯನ್ನು ವಿಶೇಷ ತಿಂಡಿಯೆಂದು ಬಡಿಸುತ್ತೇವೆ. ಅದರ ಹಿಂದೆ ಅನ್ನ ಸಾಲದ ದಿನಗಳಿದ್ದವು.

ಅಮೆರಿಕ ಖಂಡದಿಂದ ಆಲೂಗಡ್ಡೆ ಬಂದು ಬಡವರ ಮುಖ್ಯ ಆಹಾರವಾದ ಮೇಲೆ ಲೂನಸದ ಕೇಂದ್ರದಲ್ಲಿ ಧಾನ್ಯದ ಜೊತೆ ಅದೂ ಬಂದು ಕುಳಿತುಕೊಂಡಿತು. ಹಬ್ಬಕ್ಕೆ ಮೊದಲು ಹೊಸ ಗಡ್ಡೆ ಅಗೆಯುವುದು ಅಶುಭವೆಂದೂ ಕೆಟ್ಟ ಬೇಸಾಯದ ಗುರುತೆಂದೂ ಜನ ಭಾವಿಸಿದ್ದರು. ಹಬ್ಬದ ದಿನ ಹೊಸ ಗಡ್ಡೆಯನ್ನು ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಬೆಣ್ಣೆ, ಹಾಲು ಹಾಕಿ ಹಿಸುಕಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಮೊದಲ ತುತ್ತು ತಿನ್ನುವಾಗ ‘ಬರುವ ವರ್ಷ ಈ ಹೊತ್ತಿಗೂ ನಾವೆಲ್ಲ ಬದುಕಿರುವಂತಾಗಲಿ’ ಎಂದು ಹಾರೈಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಕದಿರು ಕಟ್ಟಿ ‘ಹೊಸ್ತು’ ಉಣ್ಣುವ ದಿನ ಕಿರಿಯರು ಹಿರಿಯರಿಗೆ ಹೇಳಿ, ಅವರ ಒಪ್ಪಿಗೆ ಪಡೆದೇ ಹೊಸಕ್ಕಿಯ ಅನ್ನಕ್ಕೆ ಕೈಹಾಕುವ ಕ್ರಮವಿದೆಯಲ್ಲ, ಅದರಲ್ಲಿರುವ ತಾಳ್ಮೆಯೇ ಇಲ್ಲಿಯೂ ಇದೆ. ಬೆಳೆದು ನಿಂತದ್ದು ನಮ್ಮದೇ ಹೊಲದಲ್ಲಾದರೂ ಅದನ್ನು ತಿನ್ನಲು ಕಾಯಬೇಕು, ಕೇಳಬೇಕು, ಹಂಚಬೇಕು.

ಆ ಹಾರೈಕೆ ಬಾಯಿಮಾತಿನದಾಗಿರಲಿಲ್ಲ ಎಂಬುದನ್ನು ಈ ದೇಶದ ಚರಿತ್ರೆಯೇ ಹೇಳುತ್ತದೆ. ಆಲೂಗಡ್ಡೆಗೆ ಅಂಗಮಾರಿ ರೋಗ ಇಲ್ಲಿ ಮೊದಲು ಕಾಣಿಸಿಕೊಂಡದ್ದು 1845ರ ಶರತ್ಕಾಲದಲ್ಲಿ. ಅದು ಬೆಳೆಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನುಂಗಿದ್ದು ಮರುವರ್ಷ, ಸರಿಯಾಗಿ ಲೂನಸದ ವಾರದಲ್ಲಿ. ಮದ್ಯಪಾನ ವಿರೋಧಿ ಚಳವಳಿಯಿಂದ ಹೆಸರಾದ ಪಾದ್ರಿ ಥಿಯೋಬಾಲ್ಡ್ ಮ್ಯಾಥ್ಯೂ 1846ರ ಜುಲೈ 27ರಂದು ಕಾರ್ಕ್‌ನಿಂದ ಡಬ್ಲಿನ್ನಿಗೆ ಹೋಗುವಾಗ ದಾರಿಯುದ್ದಕ್ಕೂ ಗಿಡಗಳು ಹೂಬಿಟ್ಟು ನಳನಳಿಸುತ್ತಿದ್ದವು. ಆಗಸ್ಟ್ 3ರಂದು ಅದೇ ದಾರಿಯಲ್ಲಿ ಹಿಂತಿರುಗಿದಾಗ ಕಂಡದ್ದು ಕೊಳೆತು ನಾರುವ ಹೊಲಗಳು ಮತ್ತು ತೋಟದ ಬೇಲಿಯ ಮೇಲೆ ಕುಳಿತು ಕೈ ಹಿಸುಕಿಕೊಳ್ಳುತ್ತ ಅಳುವ ಜನ. ಮುಂದಿನ ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಮಂದಿ ಸತ್ತರು. ಅಷ್ಟೇ ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಹೊಸ ಬೆಳೆಯ ಮೊದಲ ತುತ್ತಿಗೆ ಸಿದ್ಧರಾಗಿದ್ದ ಮನೆಗಳಿಗೆ ಹಬ್ಬದ ದಿನಗಳಲ್ಲೇ ಬಂದೆರಗಿದ ಆ ದುರಂತವನ್ನು ಬಿಟ್ಟು ಐರಿಷ್ ಸುಗ್ಗಿಯ ಬಗ್ಗೆ ಮಾತನಾಡುವುದು ನನಗೆ ಸಾಧ್ಯವಾಗುವುದಿಲ್ಲ.

ಲೂನಸದ ಆಚರಣೆಯನ್ನು ಚರ್ಚು ‘ಪೇಗನ್’, ಅಂದರೆ ಕ್ರೈಸ್ತಧರ್ಮಕ್ಕೆ ಹೊರತಾದ ಹಳೆಯ ನಂಬಿಕೆಯದು, ಎಂದು ತಳ್ಳಿಹಾಕಿ ಸುಮ್ಮನಾಗಲಿಲ್ಲ. ಜುಲೈ ಕೊನೆಯ ಭಾನುವಾರ ಮೇಯೊ ಕೌಂಟಿಯ ಕ್ರೋ ಪ್ಯಾಟ್ರಿಕ್ ಬೆಟ್ಟವನ್ನು ಇಂದಿಗೂ ಸಾವಿರಾರು ಜನ ಹತ್ತುತ್ತಾರೆ. 764 ಮೀಟರ್ ಎತ್ತರದ, ತುದಿಯಲ್ಲಿ ಜಾರುವ ಕಲ್ಲುಗಳೇ ತುಂಬಿದ ಆ ದಾರಿಯನ್ನು ಕೆಲವರು ಬರಿಗಾಲಿನಲ್ಲೇ ಏರುತ್ತಾರೆ. ಸಂತ ಪ್ಯಾಟ್ರಿಕ್ ಅಲ್ಲಿ ನಲವತ್ತು ದಿನ ಉಪವಾಸವಿದ್ದನೆಂಬುದು ಭಕ್ತರ ನಂಬಿಕೆ. ಜಾನಪದ ವಿದ್ವಾಂಸೆ ಮಾಯ್ರಾ ಮ್ಯಾಕ್‌ನೀಲ್ ಹಳ್ಳಿಹಳ್ಳಿಗಳ ಹಿರಿಯರ ನೆನಪುಗಳನ್ನು ಒಟ್ಟುಗೂಡಿಸಿ 1962ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಥ ಯಾತ್ರೆಗಳ ಅಡಿಯಲ್ಲಿ ಲೂನಸದ ಬೆಟ್ಟದ ಕೂಟಗಳಿರುವುದನ್ನು ತೋರಿಸಿಕೊಟ್ಟಿತು. ಇಂಗ್ಲೆಂಡಿನಲ್ಲಿ ಆಗಸ್ಟ್ 1ರಂದು ಹೊಸ ಗೋಧಿಯ ರೊಟ್ಟಿಯನ್ನು ಚರ್ಚಿಗೆ ಒಯ್ಯುತ್ತಿದ್ದ ಲ್ಯಾಮಸ್ ಹಬ್ಬವೂ ಇದರ ನೆರೆಯದೇ. ಮಂಗಳೂರಿನ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ದಿನ ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅಕ್ಕಪಕ್ಕದ ಹಿಂದೂ ಮನೆಗಳಲ್ಲಿ ತೆನೆ ಕಟ್ಟುವ ಕಾಲವೂ ಅದರ ಆಸುಪಾಸಿನದೇ. ದೇವರ ಹೆಸರು ಬೇರೆಯಾದರೂ ತೆನೆ ಮಾಗುವ ಹೊತ್ತು ಬದಲಾಗದು.

ಇಂದು ತಮ್ಮನ್ನು ಪೇಗನ್ನರೆಂದು ಹೆಮ್ಮೆಯಿಂದ ಕರೆದುಕೊಳ್ಳುವವರು ಮನುಷ್ಯಾಕಾರದ ರೊಟ್ಟಿ ಸುಟ್ಟು, ತೆನೆಯ ಹುಲ್ಲಿನಿಂದ ಗೊಂಬೆ ಹೆಣೆದು ಲೂನಸ ಆಚರಿಸುತ್ತಾರೆ. ಅವರು ಪಾಲಿಸುವ ಎಂಟು ಹಬ್ಬಗಳ ‘ವರ್ಷಚಕ್ರ’ 1950ರ ದಶಕದ ಬ್ರಿಟನ್ನಿನಲ್ಲಿ ರೂಪುಗೊಂಡದ್ದು, ಮುರಿಯದೆ ಬಂದ ಪರಂಪರೆಯಲ್ಲ. ಹಾಗೆಂದು ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಬಾಡಿಗೆ ಸಭಾಂಗಣದಲ್ಲಿ, ಜನವರಿಯ ಕೊರೆಯುವ ಚಳಿಯಲ್ಲಿ ಎಳ್ಳುಬೆಲ್ಲ ಹಂಚಿ ಸಂಕ್ರಾಂತಿ ಮಾಡುವ ನಾವೂ ಹಬ್ಬವನ್ನು ಮತ್ತೆ ಕಟ್ಟಿಕೊಳ್ಳುತ್ತಿರುವವರೇ. ನಮ್ಮ ಆಚರಣೆಯಲ್ಲಿ ಕೊರತೆಯಿರುವುದು ಬೇರೆ ಕಡೆ. ವರ್ಷವಿಡೀ ಎಲ್ಲವೂ ದೊರೆಯುವ ಅಂಗಡಿಗಳ ನಡುವೆ ನಾವು ಯಾವುದಕ್ಕೂ ಕಾಯುವುದಿಲ್ಲ. ಸುಗ್ಗಿಯ ದಿನವನ್ನು ಉಳಿಸಿಕೊಂಡು ಆಟಿಯ ತಿಂಗಳನ್ನು ಬಿಟ್ಟುಬಿಟ್ಟಿದ್ದೇವೆ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆ ಇಟ್ಟಿದ್ದೇನೆ. ಈ ದಿನಗಳಲ್ಲಿ ವಿಕ್ಲೋ ಬೆಟ್ಟಗಳಲ್ಲಿ ಹೀದರ್ ಪೊದೆಗಳ ನಡುವೆ ಬಿಲ್‌ಬೆರಿ ಹಣ್ಣಾಗಿರುತ್ತದೆ. ಕಡುನೀಲಿಯ, ಕಡಲೆಕಾಳಿನ ಗಾತ್ರದ ಆ ಹಣ್ಣು ಕೀಳುವವರ ಬೆರಳನ್ನೂ ತಿನ್ನುವವರ ನಾಲಗೆಯನ್ನೂ ನೇರಳೆ ಮಾಡುತ್ತದೆ. ಲೂನಸದ ಭಾನುವಾರ ಊರಿನ ಯುವಜನರೆಲ್ಲ ಬೆಟ್ಟ ಹತ್ತಿ ಅದನ್ನು ಆಯುತ್ತಿದ್ದರು. ಡೊನೆಗಾಲ್ ಕಡೆ ಹುಡುಗರು ಹಣ್ಣನ್ನು ದಾರಕ್ಕೆ ಪೋಣಿಸಿ ಹುಡುಗಿಯರಿಗೆ ಬಳೆ ಮಾಡಿಕೊಡುತ್ತಿದ್ದರಂತೆ, ಮನೆಗೆ ಹೊರಡುವ ಮುನ್ನ ಅವರು ಅದನ್ನು ಬಿಚ್ಚಿ ಬೆಟ್ಟದಲ್ಲೇ ಬಿಟ್ಟು ಬರುತ್ತಿದ್ದರಂತೆ. ಈ ಬಾರಿ ರಜೆಯ ಹಿಂದಿನ ಭಾನುವಾರ ನಾವೂ ಮಕ್ಕಳೊಂದಿಗೆ ಅಲ್ಲಿಗೆ ಹೋಗೋಣ, ಹತ್ತಿರದ ರೈತರಿಂದ ಹೊಸ ಆಲೂಗಡ್ಡೆ ಕೊಂಡು ತಂದು ಒಟ್ಟಿಗೆ ಬೇಯಿಸಿ ಉಣ್ಣೋಣ. ಒಪ್ಪುವವರು ಜುಲೈ ನಡುವಿನೊಳಗೆ ಕಾರ್ಯದರ್ಶಿಗಳಿಗೆ ತಿಳಿಸಬೇಕು. ಹೊಸ್ತು, ಪುದ್ದಾರ್, ಪುತ್ತರಿ, ಮೊಂತಿ ಫೆಸ್ತ್, ಎಳ್ಳ ಅಮಾವಾಸ್ಯೆಯ ಚರಗ, ಇಂಥ ಬೆಳೆಯ ಹಬ್ಬಗಳನ್ನು ಊರಿನಲ್ಲಿ ಮಾಡಿ ಬಲ್ಲ ಹಿರಿಯರು ತಮ್ಮ ಮನೆಯ ಕ್ರಮವನ್ನು ಒಂದು ಪುಟದಷ್ಟು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಬರೆಯಲಾಗದವರು ಫೋನಿನಲ್ಲಿ ಹೇಳಿದರೂ ಸಾಕು, ಬರೆದುಕೊಳ್ಳುವ ಕೆಲಸ ನಮ್ಮದು.

ಸಂಪಾದಕ